ಅಕ್ಕನ ಕಡೆಯವರ ಬಟ್ಟೆ

ಅಕ್ಕನ ಉಗುರುಗಳು ಯಾವಾಗಲೂ ನೀಲಿ. ಎಷ್ಟು ಉಜ್ಜಿದರೂ ಹೋಗದ ನೀಲಿ. ರೈಲಿನಲ್ಲಿ ಪಕ್ಕದವರು ಆ ಕೈ ನೋಡಿ ಸರಿದು ಕೂತರೆ, ಬೇಕೆಂದೇ ಹತ್ತೂ ಬೆರಳನ್ನು ಮಡಿಲ ಮೇಲೆ ಹರಡಿಕೊಳ್ಳುತ್ತಿದ್ದರು.

ಜಪಾನಿನ ಎಡೋಗಾವಾದಲ್ಲಿ ನಮ್ಮ ಕೆಳಗಿನ ಮನೆ ಅವರದು. ಹುಟ್ಟಿದ್ದು ನೈಜೀರಿಯಾದಲ್ಲಿ. ನಾನು ಅಕ್ಕ ಎಂದು ಕರೆದಾಗ ಅರ್ಥ ಕೇಳಿಕೊಂಡರು. ಅಂದಿನಿಂದ ನಾನು 'ತಂಗಿ'. ಮರಗೆಣಸಿನ ಹಿಟ್ಟಿನ ಗಂಜಿ ಕಾಯಿಸಿ, ಕೋಳಿಗರಿಯಿಂದ ಬಿಳಿ ಬಟ್ಟೆಯ ಮೇಲೆ ಚಿತ್ರ ಬರೆದು, ನೀಲಿಯಲ್ಲಿ ಅದ್ದುತ್ತಿದ್ದರು. ಗಂಜಿ ತೊಳೆದಾಗ ಚಿತ್ರ ಬೆಳ್ಳಗೆ ಮೂಡುತ್ತಿತ್ತು. ಅವರ ಅಮ್ಮ, ಅಜ್ಜಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಆ ಆದಿರೆ ಬಟ್ಟೆಯಲ್ಲಿ ಇವರು ಕೋಟು, ಜಾಕೆಟ್ಟು ಹೊಲಿದರು. ಪೇಟೆಯ ದೊಡ್ಡ ಅಂಗಡಿಯೊಂದು ಅವನ್ನು ಮಾರುತ್ತಿತ್ತು.

ನನ್ನ ಗಂಡ ಒಮ್ಮೆ "ಪ್ರಿಂಟ್ ಚೆನ್ನಾಗಿದೆ" ಅಂದರು. "ಪ್ರಿಂಟ್ ನಿಮ್ಮ ಆಫೀಸಿನ ಮೆಷಿನ್ ಮಾಡತ್ತೆ. ಇದು ನಾನು ಬರೆದದ್ದು" ಎಂದು ಅಕ್ಕ ಗದರಿ, ಆಮೇಲೆ ನಕ್ಕರು.

ಅಕ್ಕನಿಗೆ ಕಾಯಿಲೆ ಬಂತು. ಅದು ವಾಸಿಯಾಗದು ಎಂದು ತಿಳಿದ ಮೇಲೆ ಒಂದು ಉದ್ದನೆಯ ಬಟ್ಟೆ ಬರೆದರು. ಅವರಲ್ಲಿ ಮದುವೆಯಾಗಲಿ ಸಾವಾಗಲಿ, ಮನೆಯವರೆಲ್ಲ ಒಂದೇ ಬಟ್ಟೆ ತೊಡುತ್ತಾರೆ, ತೊಟ್ಟವರೇ ಮನೆಯವರು. ಅದನ್ನು ತುಂಡುಗಳಾಗಿ ಕತ್ತರಿಸಿ, ಒಂದನ್ನು ಊರಲ್ಲಿದ್ದ ತಮ್ಮನಿಗೆ ಕಳಿಸಿದರು. ಅಂಗಡಿಯ ಒಡತಿಗೆ, ಹೊಲಿಗೆ ಕಲಿಯಲು ಬರುತ್ತಿದ್ದ ಹೆಂಗಸರಿಗೆ, ನನಗೆ ಕೊಟ್ಟರು.

"ನಾನು ಹೋದಾಗ ಕಪ್ಪು ಬೇಡ. ಇದನ್ನು ಹಾಕಿಕೊಂಡು ಬನ್ನಿ. ನನಗೆ ಇಲ್ಲೂ ಜನ ಇದ್ದರು ಅಂತ ತಮ್ಮ ನೋಡಬೇಕು."

ಎಲ್ಲರೂ ತಲೆಬಾಗಿ ಒಪ್ಪಿದರು. ಒಡತಿ ಅತ್ತೂ ಬಿಟ್ಟಳು.

ಅಕ್ಕ ತೀರಿಕೊಂಡು, ಅವರನ್ನು ಕಳಿಸಿಕೊಡುವ ದಿನ ನನ್ನ ಗಂಡ, "ಎಲ್ಲರೂ ಕಪ್ಪಲ್ಲಿರ್ತಾರೆ ಕಣೇ, ನೀನೊಬ್ಬಳೇ ಆಡ್ ಆಗಿ ಕಾಣ್ತೀಯ" ಎಂದರು.

"ಒಬ್ಬಳೇ ಯಾಕಾಗ್ತೀನಿ? ಎಲ್ಲರಿಗೂ ಕೊಟ್ಟಿದ್ದಾರಲ್ಲ" ಎಂದು ಬಿಳಿ ಸೀರೆಗೆ ಆ ಬಟ್ಟೆಯ ರವಿಕೆ ತೊಟ್ಟು ಹೋದೆ.

ಒಬ್ಬಳೇ ಆದೆ. ಚಿತಾಗಾರದಲ್ಲಿ ನಿಂತವರ ಸಾಲಿನ ಉದ್ದಕ್ಕೂ ಕಪ್ಪು. ಒಡತಿ ನನ್ನ ತೋಳು ನೋಡಿ, "ಸುಮಿಮಾಸೆನ್, ಕ್ಷಮಿಸಿ, ಇಂಥ ಕಡೆ ಅದು ಸ್ವಲ್ಪ..." ಎಂದು ನಿಲ್ಲಿಸಿದಳು. ಸ್ವಲ್ಪ ಏನು? ಅಂಗಡಿಯ ಗಾಜಿನೊಳಗೆ ನೇತುಹಾಕುವಾಗ ಅದೇ ನೀಲಿ ಬೇಕಾಗಿತ್ತು. ಬರೆದವಳು ಹೋಗುವಾಗ ಬೇಡವಾಯಿತು. ನನಗೆ ಜಗಳವಾಡಲು ಬರುವುದಿಲ್ಲ.

ವೀಸಾ ಸಿಗದ ಅಕ್ಕನ ತಮ್ಮ ನನ್ನ ಫೋನಿನ ವಿಡಿಯೋ ಕರೆಯಲ್ಲಿದ್ದರು, ಮೈಮೇಲೆ ಅಕ್ಕ ಕಳಿಸಿದ ಬಟ್ಟೆ. ಫೋನನ್ನು ಆ ಸಾಲಿನ ಉದ್ದಕ್ಕೂ ಹಿಡಿದು ನಡೆದೆ. ಯಾರೂ ಮುಖ ಎತ್ತಲಿಲ್ಲ. ಕೊನೆಗೆ ತಮ್ಮ ಕೇಳಿದರು:

"ಅಕ್ಕನ ಕಡೆಯವರು ಯಾರೂ ಬಂದಿಲ್ಲವೇ?"

ಫೋನು ತಿರುಗಿಸಿ ನನ್ನ ತೋಳಿನ ಮುಂದೆ ಹಿಡಿದೆ.

"ನಾನು ಬಂದಿದ್ದೇನೆ" ಅಂದೆ, ಆ ಸಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.