ತಳದ ಪಾಲು

ಅಮೆರಿಕದ ಪ್ಲೇನೋದಲ್ಲಿದ್ದ ನಾಗಮಣಿ ಅಡುಗೆಯಲ್ಲಿ ಸೋತದ್ದು ಒಂದಕ್ಕೇ, ಪಕ್ಕದ ಮನೆಯ ಸ್ಪೇನಿನ ಪಿಲಾರ್ ಹೇಳಿಕೊಟ್ಟ ಪಾಯೆಯಾಕ್ಕೆ. ಅಗಲ ಬಾಣಲೆಯಲ್ಲಿ ಸಿಗಡಿ, ಚಿಪ್ಪುಮೀನು, ಕೇಸರಿ ಹಾಕಿ ಬೇಯಿಸುವ ಅನ್ನ ಅದು. ಅಕ್ಕಿ ಬಿದ್ದ ಮೇಲೆ ಕೈಯಾಡಿಸಕೂಡದು. ತಳ ಹೊಂಬಣ್ಣಕ್ಕೆ ಹಿಡಿಯಬೇಕು, ರುಚಿಯೆಲ್ಲ ಅಲ್ಲೇ. ಬಿಸಿಬೇಳೆಬಾತ್ ತಿರುವಿ ಪಳಗಿದ ಕೈ ಕೇಳಬೇಕಲ್ಲ! ಮಾಡಿದಾಗಲೆಲ್ಲ ಗಂಜಿಯಾಯಿತು.

2005ರ ಯುಗಾದಿಯ ಮರುದಿನ, ಹೊಸತೊಡಕಿನ ಬಾಡೂಟಕ್ಕೆ, ಪಾಯೆಯಾ ಮಾಡಿಯೇ ತೀರುವೆನೆಂದು ಹಟ ಹಿಡಿದು ಪಿಲಾರಳ ಜೊತೆಗೆ ಅಲ್ಲಿದ್ದ ಮೈಸೂರಿನ ಕಡೆಯವರನ್ನೆಲ್ಲ ಕರೆದಳು. ಒಲೆ ಹೊತ್ತಿಸುವ ಮೊದಲೇ ಮನೆಯಲ್ಲಿದ್ದ ಸೌಟುಗಳನ್ನೆಲ್ಲ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದಳು.

ವಾಸನೆ ಬಂದದ್ದೇ ತಡ, ಗಂಡ ಪುಟ್ಟಸ್ವಾಮಿ ಓಡಿ ಬಂದ. "ತಳ ಹಿಡೀತಿದೆ ಕಣೇ, ಕೈಯಾಡ್ಸು!"

"ಹಿಡೀಲಿ ಬಿಡಿ, ಅದಕ್ಕೇ ಕಾಯ್ತಿರೋದು!"

ಒಲೆ ಆರಿಸಿದ ಮೇಲೆಯೇ ಡಿಕ್ಕಿಯಿಂದ ಸೌಟು ಬಂತು. ತಳ ಕೆರೆದಾಗ ಕರಕರ ಎನ್ನುವ ಹೊನ್ನಿನ ಹಕ್ಕಳೆ ಎದ್ದಿತು. ಪಿಲಾರ್ ಚಪ್ಪಾಳೆ ತಟ್ಟಿದಳು. ತಟ್ಟೆಗಳೆಲ್ಲ ಆ ಹಕ್ಕಳೆಗೇ ಮುಂದೆ ಬಂದವು.

ಅತ್ತೆಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಸೊಸೆ ನಾಗಮಣಿಗೆ ಉಳಿಯುತ್ತಿದ್ದುದು ತಳ ಹಿಡಿದ ಅನ್ನವೇ. ಈಗ ದೊಡ್ಡ ತುಂಡನ್ನು ಮೊದಲು ತನ್ನ ತಟ್ಟೆಗೇ ಹಾಕಿಕೊಂಡಳು.

"ತಡೀರಿ. ಇದು ಯಾವತ್ತಿಂದ್ಲೂ ನನ್ನ ಪಾಲು. ಉಳಿದ್ರೆ ನಿಮಗೆ."