ಕೋಡಿಹಳ್ಳದ ಕಾವಲಿಗೆ ನಿಂತ ಅಕ್ಕ

ನಾನು ಚಿಕ್ಕವಳಿದ್ದಾಗ ಖಾಕಿ ತೊಟ್ಟ ಹುಡುಗಿ ರಸ್ತೆಗಿಳಿದರೆ ನಮ್ಮ ಹಿರೇಕೆರೂರಿನ ಜನ ತಿರುಗಿ ನೋಡುತ್ತಿದ್ದರು. ನಾನು ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದುತ್ತಿದ್ದೆ. ಅಕ್ಕ ಊರಿನ ಹೈಸ್ಕೂಲಿನಲ್ಲಿ ಕೆಡೆಟ್. ರಜೆಗೆ ಬಂದಾಗಲೆಲ್ಲ ಅವಳ ಯೂನಿಫಾರ್ಮ್ ಕಂಡು ನನಗೆ ಹೊಟ್ಟೆಕಿಚ್ಚು.

ಹುಣಸೆಹಣ್ಣು ಹಚ್ಚಿ ಬೆಲ್ಟಿನ ಹಿತ್ತಾಳೆ ಬಕಲ್ ತಿಕ್ಕುತ್ತ ಅವಳು ನನಗೆ ಪಾಠ ಹೇಳುತ್ತಿದ್ದಳು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಶಾಲೆ-ಕಾಲೇಜಿನ ಮಕ್ಕಳ ಈ ಕೆಡೆಟ್ ಪಡೆ ಶುರುವಾಯಿತಂತೆ. ಮೊದಲು ಹುಡುಗರಿಗೆ, ಬೆನ್ನಿಗೇ ಹುಡುಗಿಯರಿಗೂ. ಗಡಿಯಲ್ಲಿ ಯುದ್ಧವಾದ ಮೇಲಂತೂ ಎಲ್ಲಿ ನೋಡಿದರೂ ಪರೇಡ್. ಕೆಡೆಟ್‌ಗಳು ಸೇರಿ ಸೆಕ್ಷನ್, ಸೆಕ್ಷನ್‌ಗಳು ಸೇರಿ ಟ್ರೂಪ್, ಅದರ ಮೇಲೆ ಆಫೀಸರ್. ಅಕ್ಕನ ಶಾಲೆಯಲ್ಲಿ ಆಫೀಸರ್ ಎಂದರೆ ಅವರ ಹಿಸ್ಟರಿ ಮಿಸ್. ವರದಿ ಕೆಳಗಿನಿಂದ ಮೇಲೆ ಹೋಗಬೇಕು, ಆರ್ಡರ್ ಮೇಲಿನಿಂದ ಕೆಳಗೆ ಬರಬೇಕು. ಕಾವಲಿಗೆ ನಿಲ್ಲಿಸಿದವರೇ ಬಂದು ಬಿಡಿಸುವ ತನಕ ಕಾಲು ಕದಲಿಸುವಂತಿಲ್ಲ. ಈ ಕಡೆಯ ಮಾತನ್ನು ಹೇಳುವಾಗ ಅವಳ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು.

ಆ ಸಲ ದಸರೆಯ ರಜೆಯಲ್ಲಿ ಅವರ ಕ್ಯಾಂಪ್ ಮಾಸೂರಿನ ಹತ್ತಿರ, ಮದಗದ ಕೆರೆಯ ಕೆಳಗೆ ನಡೆದಿತ್ತು. ಭಾನುವಾರ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಅಪ್ಪನೂ ನಾನೂ ಬಸ್ಸಿನಲ್ಲಿ ಹೋದೆವು. ನಾವು ತಲುಪಿದಾಗ ಮಧ್ಯಾಹ್ನ. ಗಾಳಿ ನಿಂತುಬಿಟ್ಟಿತ್ತು. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಆದರೆ ಗುಡ್ಡದ ಕಡೆ ಮುಗಿಲು ಕೊಳೆತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಟೆಂಟಿನ ಹಗ್ಗ ಹತ್ತುತ್ತಿದ್ದವು. ಕಪ್ಪೆಗಳ ಸದ್ದೂ ಇಲ್ಲ. ಗುಡ್ಡದಲ್ಲಿ ಮಳೆ ಹಿಡಿದಿದೆ, ಕೆರೆ ಮೊದಲೇ ತುಂಬಿದೆ ಎಂದು ಅಪ್ಪ ತನ್ನಷ್ಟಕ್ಕೆ ಹೇಳಿಕೊಂಡ.

ಮಿಸ್‌ಗೂ ಅದೇ ದಿಗಿಲು ಬಂದಿರಬೇಕು. ವಿಸಲ್ ಊದಿ ಎಲ್ಲರನ್ನೂ ದಿಬ್ಬದ ಮೇಲಿನ ಶಾಲೆಗೆ ಹತ್ತಿಸಿದರು. ರೋಲ್ ಕಾಲ್ ಆಯಿತು. ಸೆಕ್ಷನ್ನಿನವರು ಟ್ರೂಪ್ ಲೀಡರ್‌ಗೆ ಹೇಳಿದರು, ಅವಳು ಮಿಸ್‌ಗೆ ಹೇಳಿದಳು: ಎಲ್ಲರೂ ಹಾಜರ್. ಮಿಸ್ ನಿಟ್ಟುಸಿರು ಬಿಟ್ಟು, ಅಳುತ್ತಿದ್ದ ಚಿಕ್ಕವರನ್ನು ಸಮಾಧಾನ ಮಾಡಲು ಒಳಗೆ ಹೋದರು.

ನಾನು ಸಾಲುಗಳಲ್ಲಿ ಅಕ್ಕನ ಎರಡು ಜಡೆ ಹುಡುಕುತ್ತಿದ್ದೆ. ಕಾಣಲಿಲ್ಲ. ಅವಳ ಸೆಕ್ಷನ್ನಿನ ಹುಡುಗಿಯೊಬ್ಬಳನ್ನು ಕೇಳಿದೆ.

"ಅಕಿ ಡ್ಯೂಟಿ ಮ್ಯಾಲದಾಳ," ಎಂದಳು. "ಡ್ಯೂಟಿ ಮ್ಯಾಲಿದ್ದವ್ರನ್ನ ಹಾಜರಂತನ ಹಿಡೀತೇವಿ. ಇಷ್ಟೂ ಗೊತ್ತಿಲ್ಲೇನ, ಕಾನ್ವೆಂಟಿನಾಕಿ?"

ಎಲ್ಲಿ ಡ್ಯೂಟಿ ಎಂದು ಅಪ್ಪ ಕೇಳಿದ. ಅವಳು ಕೋಡಿಹಳ್ಳದ ಆಚೆ ದಂಡೆಗೆ ಕೈ ತೋರಿಸಿದಳು. ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗುವ ಹಳ್ಳ ಅದು. ಚಿಕ್ಕ ಹುಡುಗಿಯರು ಕಲ್ಲು ದಾಟಿ ಆಚೆ ಹೋಗಿ ನೀರಿಗಿಳಿದು ಆಡದಂತೆ ಮಿಸ್ ಅಲ್ಲಿ ಅಕ್ಕನನ್ನು ನಿಲ್ಲಿಸಿದ್ದರು. ಅಪ್ಪ ಆಗಲೇ ಓಡತೊಡಗಿದ್ದ.

ಹಳ್ಳದ ನೀರು ಕೆಂಪಾಗಿತ್ತು. ಮುರಿದ ಕೊಂಬೆಗಳು ತೇಲಿ ಬರುತ್ತಿದ್ದವು. ದಾಟಲು ಹಾಕಿದ್ದ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಆಚೆ ಒಂದು ಬಂಡೆಯ ಮೇಲೆ ಕೈಯಲ್ಲಿ ಲಾಠಿ ಹಿಡಿದು, ನೇರ ಮುಂದೆ ನೋಡುತ್ತ ಅಕ್ಕ ನಿಂತಿದ್ದಳು.

"ಬಾರವ್ವಾ, ನೀರು ಏರಾಕತ್ತೈತಿ," ಅಪ್ಪ ಕೂಗಿದ.

"ಮಿಸ್ ಬಂದು ಬಿಡಿಸ್ಬೇಕಪ್ಪಾ. ಹಂಗ ಬರೂದಿಲ್ಲ ನಾ."

"ನಾ ನಿಮ್ಮಪ್ಪ ಅದೇನಿ."

"ಅಪ್ಪ ಅದೀ. ಆಫೀಸರ್ ಅಲ್ಲ."

ಅವಳು ಲಾಠಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಅಪ್ಪ ತಲೆಗೆ ಸುತ್ತಿದ್ದ ರುಮಾಲು ಬಿಚ್ಚುತ್ತ, ಮಿಸ್‌ನ ಕರಕೊಂಡು ಬಾ, ಓಡು ಎಂದ. ಓಡಿದೆ. ಒಳಗಿದ್ದ ಮಿಸ್‌ಗೆ ಹೇಳಿದೆ. ಎಲ್ಲರೂ ಹಾಜರ್ ಅಂದರಲ್ಲ, ಎಲ್ಲರೂ ಹಾಜರ್ ಅಂದರಲ್ಲ ಎನ್ನುತ್ತಲೇ ಬರಿಗಾಲಿನಲ್ಲಿ ಇಳಿದು ಬಂದರು.

ಅಷ್ಟರಲ್ಲಿ ಇನ್ನೂ ಏರಿದ್ದ ನೀರಿನ ಮೊರೆತದಲ್ಲಿ ಅವರ ಕೂಗು ಅಕ್ಕನಿಗೆ ಮುಟ್ಟಲಿಲ್ಲ. ಆಗ ಮಿಸ್ ಉದ್ದವಾಗಿ ವಿಸಲ್ ಊದಿ, ಆ ಕೆಸರಿನಲ್ಲಿ ಹಿಮ್ಮಡಿ ಕೂಡಿಸಿ ನಿಂತು ಸೆಲ್ಯೂಟ್ ಹೊಡೆದರು. ಅಕ್ಕ ತಿರುಗಿ ಸೆಲ್ಯೂಟ್ ಮಾಡಿದಳು. ಆಮೇಲೆಯೇ ನೀರಿಗೆ ಕಾಲಿಟ್ಟಳು.

ಅಪ್ಪ ಸೊಂಟದ ಮಟ ಇಳಿದು ರುಮಾಲಿನ ತುದಿ ಎಸೆದ. ನಟ್ಟನಡುವೆ ಅವಳ ಕಾಲು ಜಾರಿತು. ಒಂದು ಕ್ಷಣ ಬರೀ ಕೆಂಪು ನೀರು. ಮರುಕ್ಷಣ ರುಮಾಲು ಬಿಗಿಯಿತು, ಅದರ ತುದಿಗೆ ಎರಡು ಜಡೆ ಮೇಲೆ ಬಂದವು.

ದಂಡೆಯಲ್ಲಿ ಉಸಿರು ತಿರುಗಿಸಿಕೊಂಡು ಹಿಂದೆ ನೋಡಿದರೆ ಅವಳು ನಿಂತಿದ್ದ ಬಂಡೆ ಇರಲಿಲ್ಲ. ಅದರ ಮೇಲೆ ನೀರು ನುಣ್ಣಗೆ ಹರಿಯುತ್ತಿತ್ತು, ಅಲ್ಲಿ ಎಂದೂ ಯಾರೂ ನಿಂತಿರಲಿಲ್ಲ ಎಂಬಂತೆ.

ಸಂಜೆ ಮಿಸ್ ಮತ್ತೆ ರೋಲ್ ಕಾಲ್ ಮಾಡಿದರು. ಈ ಸಲ ಯಾರ ವರದಿಯನ್ನೂ ಕೇಳಲಿಲ್ಲ. ಒಬ್ಬೊಬ್ಬರ ತಲೆ ಮುಟ್ಟಿ ಹೆಸರು ಕರೆದರು. ಅಕ್ಕನ ಒದ್ದೆ ತಲೆಯ ಮೇಲೆ ಅವರ ಕೈ ಹಾಗೇ ನಿಂತುಬಿಟ್ಟಿತು.

ಈಗ ನಿಮ್ಮ ಕೈಯಲ್ಲಿ ಫೋನಿದೆ ಮಕ್ಕಳೇ, ಅದರ ಮ್ಯಾಪಿನಲ್ಲಿ ನೀವು ಎಲ್ಲಿದ್ದರೂ ನೀಲಿ ಚುಕ್ಕೆ. ಟ್ರಿಪ್ಪಿಗೆ ಹೋದಾಗ ಫ್ಯಾಮಿಲಿ ಗ್ರೂಪಿನಲ್ಲಿ ಒಂದೇ ಮೆಸೇಜ್ ಹಾಕುತ್ತೀರಿ, "ಆಲ್ ಸೇಫ್, ಅಜ್ಜಿ" ಅಂತ. ಆದರೂ ನಾನು ಫೋನ್ ಮಾಡಿ, ಒಬ್ಬೊಬ್ಬರ ಹೆಸರು ಹಿಡಿದು ದನಿ ಕೇಳಿಸಿರಿ ಎನ್ನುತ್ತೇನೆ. ನೀವು ನಗುತ್ತೀರಿ. ನಗಿರಿ, ನಗುವಾದರೂ ಕೇಳಿಸಲಿ. ಆ "ಆಲ್" ಎಂಬ ಮಾತಿನ ಆಚೆ ದಂಡೆಯಲ್ಲಿ ಯಾರಾದರೂ ಇನ್ನೂ ನಿಂತೇ ಇರಬಹುದು ಎಂಬ ದಿಗಿಲು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.