ಅವ್ವನ ಎದೆಯೊಳಗಿನ ಯಂತ್ರ

ನಮ್ಮವ್ವ ಸೂಲಗಿತ್ತಿ. ಮೇಡ್ಲೇರಿಯಲ್ಲಿದ್ದಷ್ಟು ದಿನ ಊರಿನ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ನನಗೆ ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರನ ಕೆಲಸ ಸಿಕ್ಕ ಮೇಲೆ ಅವಳೂ ನಮ್ಮ ಜೊತೆ ಬಂದಳು. ಇಲ್ಲಿ ಎಲ್ಲರೂ ಹೆರಿಗೆಗೆ ದವಾಖಾನೆಗೇ ಹೋಗುತ್ತಿದ್ದರು. ಹೀಗಾಗಿ ಓಣಿಯ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸವಷ್ಟೇ ಅವಳಿಗೆ ಉಳಿಯಿತು. ಅದನ್ನೇ ನೌಕರಿಯಂತೆ ಮಾಡುತ್ತಿದ್ದಳು. ಎಂಟಕ್ಕೆ ಒಂದು ಮನೆ, ಒಂಬತ್ತಕ್ಕೆ ಇನ್ನೊಂದು. ನಾನು ಸಾಲೆಗೆ ತಡವಾಗಿ ಹೋಗಿರಬಹುದು, ಅವಳು ಒಂದು ದಿನವೂ ತಡ ಮಾಡಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಎದುರು ಮನೆಯ ಮಗಳನ್ನು ಬ್ಯಾಡಗಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಾಗ ಅವ್ವ ಕೂತಲ್ಲೇ ಪಕ್ಕಕ್ಕೆ ವಾಲಿದಳು. ಕೂಸಿನ ತಾಯಿ ಬಚ್ಚಲ ಬಾಗಿಲಲ್ಲೇ ನಿಂತಿದ್ದರಿಂದ ಓಡಿ ಬಂದು ಕೂಸನ್ನು ಎತ್ತಿಕೊಂಡಳು. ಅರ್ಧ ನಿಮಿಷಕ್ಕೆ ಅವ್ವನಿಗೆ ಎಚ್ಚರವಾಯಿತು. ಮೊದಲು ಕೇಳಿದ್ದು, "ಕೂಸೆಲ್ಲಿ?"

ಹಾಗೆ ಎಚ್ಚರ ತಪ್ಪಿದ್ದು ಅದು ಮೂರನೆಯ ಸಲವಂತೆ. ಮೊದಲಿನ ಎರಡನ್ನು ನಮಗೆ ಹೇಳಿರಲಿಲ್ಲ.

ಊರಿನ ಡಾಕ್ಟರು ನಾಡಿ ಹಿಡಿದು ಗಡಿಯಾರ ನೋಡಿದರು. ನನ್ನನ್ನು ಹೊರಗೆ ಕರೆದು, "ನಾಡಿ ಭಾಳ ನಿಧಾನ ಐತ್ರಿ ಮಾಸ್ತರ. ಎದಿಯೊಳಗ ಒಂದು ಸಣ್ಣ ಯಂತ್ರ ಇಡಸಬೇಕಾಗತೈತಿ. ಬೆಂಗಳೂರಿಗೆ ಹೋಗ್ರಿ, ತಡಾ ಮಾಡಬ್ಯಾಡ್ರಿ" ಅಂದರು. ಬಡಿತ ಕಡಿಮೆಯಾದಾಗ ಆ ಯಂತ್ರ ಎದೆಯನ್ನು ತಟ್ಟಿ ಎಬ್ಬಿಸುತ್ತದೆ ಎಂದು ವಿವರಿಸಿದರು.

ಹಾವೇರಿಯಿಂದ ಅಕ್ಕ ಬಂದಳು. ಅವ್ವನಿಗೆ ತಿಳಿಸಿದರೆ ಒಪ್ಪುವುದಿಲ್ಲ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಬರೀ ತಪಾಸಣೆ ಎಂದು ಹೇಳಿ ರೈಲು ಹತ್ತಿಸಿದೆವು. ಆಸ್ಪತ್ರೆಯ ಕಾಗದದ ಮೇಲೆ ನಾನು ಸಹಿ ಮಾಡಿದೆ. ಪೂರ್ತಿ ಎಚ್ಚರ ತಪ್ಪಿಸಲಿಲ್ಲ. ಮುಖಕ್ಕೆ ಬಟ್ಟೆ ಮುಚ್ಚಿ, ಕೊರಳ ಎಲುಬಿನ ಕೆಳಗೆ ಕೊಯ್ದು, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವನ್ನು ಚರ್ಮದಡಿ ಇಟ್ಟು ಹೊಲಿದರು. ಅವಳಿಗೆ ಎಲ್ಲವೂ ಕೇಳಿಸಿತ್ತು.

ಮೂರನೆಯ ದಿನ ಅವ್ವ ಕೇಳಿದಳು. "ನನ್ನ ಎದಿ ಕೊಯ್ಸೂ ಮುಂದ ನನ್ನ ಒಂದ ಮಾತು ಕೇಳಬೇಕು ಅನ್ನಸಲಿಲ್ಲೇನು ನಿನಗ?"

"ಹೇಳಿದ್ರ ನೀ ಒಪ್ಪತಿದ್ದಿಲ್ಲವ್ವಾ."

"ಒಪ್ಪತಿದ್ನೋ ಇಲ್ಲೋ ನಿನಗ ಹೆಂಗ ಗೊತ್ತಾತು? ಇಷ್ಟು ಹೆಣ್ಮಕ್ಕಳ ಹೆರಿಗಿ ಮಾಡಸೇನಿ. ಒಬ್ಬಾಕಿಗೂ ಹೇಳದ ಮೈ ಮುಟ್ಟಿಲ್ಲ ನಾ."

ಊರಿಗೆ ಮರಳಿದ ಮೇಲೆ ಒಂದು ತಿಂಗಳು ಅವ್ವ ಏನು ಬೇಕಾದರೂ ನನಗೆ ಹೇಳದೆ ನನ್ನ ಹೆಂಡತಿಗೇ ಹೇಳುತ್ತಿದ್ದಳು.

ಬವಳಿ ಬಂದು ಎಚ್ಚರ ತಪ್ಪುವುದು ಪೂರ್ತಿ ನಿಂತಿತು. ಆದರೆ ಎರೆಯಲು ಯಾರೂ ಕರೆಯಲಿಲ್ಲ. ಮುದುಕಿಯ ಎದೆಯಲ್ಲಿ ಕರೆಂಟಿದೆ, ನೀರಲ್ಲಿ ಕೂತರೆ ಕೂಸಿಗೆ ಹೊಡೆಯುತ್ತದೆ ಎಂದು ಓಣಿಯಲ್ಲಿ ಮಾತು ಹಬ್ಬಿತ್ತು. ಹಾಗಾಗುವುದಿಲ್ಲ ಎಂದು ನಾನು ಮನೆಮನೆಗೆ ಹೋಗಿ ವಿಜ್ಞಾನ ಹೇಳಿದೆ. ಎಲ್ಲರೂ ಚಹಾ ಕೊಟ್ಟು ಕಳಿಸಿದರು. ಅವ್ವ ಕಟ್ಟೆಯ ಮೇಲೆ ಕೂತು ಮಧ್ಯಾಹ್ನದವರೆಗೆ ದಾರಿ ನೋಡುತ್ತಿದ್ದಳು. ಅವಳನ್ನು ಬದುಕಿಸಿದ್ದು ಹೀಗೆ ಕೂಡಿಸುವುದಕ್ಕೋ ಎಂದು ನನಗೆ ಆಗಾಗ ಅನಿಸುತ್ತಿತ್ತು.

ಎರಡು ವರ್ಷದ ನಂತರ ಬ್ಯಾಡಗಿಗೆ ಕೊಟ್ಟ ಆ ಮಗಳೇ ಎರಡನೆಯ ಕೂಸಿನೊಂದಿಗೆ ನಮ್ಮ ಬಾಗಿಲಿಗೆ ಬಂದಳು.

"ಆಯಿ, ನಾಳಿಂದ ಬರ್ರಿ."

"ಹೆದರಿಕಿ ಇಲ್ಲೇನವಾ? ನಿನ್ನ ಮೊದಲನೇ ಕೂಸು ಕೈತಪ್ಪತಿತ್ತು."

"ನೀವು ಬಿದ್ರಿ ಖರೇ. ಆದ್ರ ನಿಮ್ಮ ಕೈ ಕೂಸಿನ ತಲಿ ಬಿಟ್ಟಿದ್ದಿಲ್ಲರಿ. ನಾನ ಬಿಡಿಸಿಕೊಂಡೆ."

ಮರುದಿನ ಎಂಟಕ್ಕೆ ಅವ್ವ ಹೊರಟಳು. ಒಂದು ತಿಂಗಳಲ್ಲಿ ಉಳಿದ ಮನೆಗಳೂ ಕರೆದವು.

ಎದೆ ಸರಿಯಾಯಿತು, ಉಳಿದ ಮೈಗೆ ವಯಸ್ಸಾಗುತ್ತಲೇ ಇತ್ತು. ಮಂಡಿ ಬಗ್ಗದಾಯಿತು. ಕಣ್ಣಿಗೆ ಪೊರೆ ಬಂತು, ಕಿವಿ ಮಂದವಾಯಿತು. ಇದಕ್ಕೆಲ್ಲ ಏನು ಮಾಡುವುದು ಎಂದು ಕೇಳಿದರೆ ಡಾಕ್ಟರು, "ಒಂದೊಂದನ್ನ ರಿಪೇರಿ ಮಾಡಬಹುದು, ಎಲ್ಲಾ ಕೂಡೇ ಮಾಡಾಕ ಬರೂದಿಲ್ಲ" ಅಂದರು. ಕೊನೆಗೆ ಕೂಸನ್ನು ಎರೆಯುವುದು ನನ್ನ ಹೆಂಡತಿ, ಹೇಳಿಕೊಡುವುದು ಅವ್ವ ಎಂದಾಯಿತು.

ಯಂತ್ರ ಇಟ್ಟು ಎಂಟು ವರ್ಷ ಕಳೆದ ಮೇಲೆ ಅದರ ಬ್ಯಾಟರಿ ಮುಗಿಯುತ್ತ ಬಂತು, ಬದಲಿಸಬೇಕು ಅಂದರು. ಈ ಸಲ ನಾನು ಅವಳ ಮುಂದೆ ಕೂತು, ಕಿವಿಗೆ ಬಾಯಿಟ್ಟು, ಎಲ್ಲವನ್ನೂ ಹೇಳಿದೆ. ಬೇಡ ಅನ್ನುತ್ತಾಳೆಂದೇ ತಿಳಿದಿದ್ದೆ.

"ಹಾಕಸಲಿಲ್ಲ ಅಂದ್ರ ಏನಾಗತೈತಿ?"

"ಮೊದಲಿನಂಗ ಬವಳಿ ಬರ್ತಾವು. ಬೀಳತಿ. ಒಂದಿನ ಏಳೂದಿಲ್ಲ."

"ಹಂಗಾರ ಹಾಕಸು. ಸಾಯೂದು ಬ್ಯಾರೆ, ಬೀಳೂದು ಬ್ಯಾರೆ. ನನಗ ಬೀಳೂದು ಬ್ಯಾಡ. ಆದ್ರ ಇದಾದಮ್ಯಾಲ ಬ್ಯಾರೆ ಏನೂ ಮಾಡಸಬ್ಯಾಡ. ಮಾತು ಕೊಡು" ಅಂದಳು. ಕೊಟ್ಟೆ.

ಅದಾಗಿ ಎರಡು ವರ್ಷಕ್ಕೆ ಅವಳಿಗೆ ಜ್ವರ ಬಂದು ಶ್ವಾಸಕೋಶಕ್ಕೆ ಇಳಿಯಿತು. ದಾವಣಗೆರೆಗೆ ಒಯ್ದು ಉಸಿರಾಟದ ಯಂತ್ರಕ್ಕೆ ಹಾಕಿದರೆ ನಾಲ್ಕು ದಿನ ಹೆಚ್ಚು ಸಿಗಬಹುದು ಎಂದು ಡಾಕ್ಟರು ಹೇಳಿದರು. ಅಕ್ಕ ಅಳುತ್ತ, "ಒಯ್ಯೂಣು ನಡಿ" ಅಂದಳು. ನಾನು ಕೊಟ್ಟ ಮಾತನ್ನು ಹೇಳಿದೆ. ಅಕ್ಕ ಸಿಟ್ಟಾದಳು. ಬೆಂಗಳೂರಿಗೆ ಹೋಗುವಾಗ ನಾನು ಎಷ್ಟು ಗಟ್ಟಿಯಾಗಿದ್ದೆನೋ ಆ ದಿನ ಅಷ್ಟೇ ಅಳ್ಳಕವಾಗಿದ್ದೆ, ಆದರೂ ಒಯ್ಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದ ಅಕ್ಕನ ತೋಳಿನಲ್ಲೇ ಅವ್ವ ಹೋದಳು.

ಯಂತ್ರವನ್ನು ತೆಗೆಸಬೇಕೇ ಎಂದು ಡಾಕ್ಟರನ್ನು ಕೇಳಿದೆ. "ಸುಡೂದಿದ್ರ ತೆಗಸಬೇಕು. ನಿಮ್ಮೊಳಗ ಮಣ್ಣು ಮಾಡತೀರಲ್ಲ, ಇರಲಿ" ಅಂದರು. ಸಂಜೆಯೊಳಗೆ ಮೇಡ್ಲೇರಿಗೆ ಒಯ್ದೆವು. ಅವಳ ಕೈಯಲ್ಲಿ ಹುಟ್ಟಿದವರೇ ಎಷ್ಟೋ ಮಂದಿ ಗುಣಿ ತೋಡಿ ಕಾಯುತ್ತಿದ್ದರು.